ಊರು ಒಂದು, ಜಿಲ್ಲೆ ನಾಲ್ಕು: ಜಾಲತಾಣದ ಟೆಂಪ್ಲೇಟಿನಲ್ಲಿ ಪೂರ್ಣ ವಿಳಾಸದ ಪ್ರಶ್ನೆ

ಮಾಗಡಿ ತಾಲ್ಲೂಕಿನ ಕುದೂರು ಇದ್ದಲ್ಲೇ ಇದೆ. ಅದರ ಜಿಲ್ಲೆಯ ಹೆಸರು ಮಾತ್ರ ನಲವತ್ತು ವರ್ಷಗಳೊಳಗೆ ಮೂರು ಸಲ ಬದಲಾಯಿತು. ಮೊದಲು ಬೆಂಗಳೂರು ಜಿಲ್ಲೆ. 1986ರಲ್ಲಿ ಆ ಜಿಲ್ಲೆ ಒಡೆದಾಗ ಬೆಂಗಳೂರು ಗ್ರಾಮಾಂತರ. 2007ರ ಆಗಸ್ಟ್ 23ರಂದು ಹೊಸ ಜಿಲ್ಲೆ ರಚನೆಯಾದಾಗ ರಾಮನಗರ. 2025ರ ಮೇ 22ರಂದು ರಾಜ್ಯ ಸಚಿವ ಸಂಪುಟ ರಾಮನಗರ ಜಿಲ್ಲೆಯ ಹೆಸರು ಬದಲಿಸಲು ಒಪ್ಪಿದ ಮೇಲೆ ಬೆಂಗಳೂರು ದಕ್ಷಿಣ. ಜಿಲ್ಲಾ ಕೇಂದ್ರ ರಾಮನಗರದಲ್ಲೇ ಉಳಿಯಿತು, ಆ ಪಟ್ಟಣದ ಹೆಸರೂ ಉಳಿಯಿತು. ಕುದೂರಿನ ಹೋಬಳಿ, ತಾಲ್ಲೂಕು ಯಾವುದೂ ಕದಲಲಿಲ್ಲ.

ಆಡಳಿತದ ಈ ಇತಿಹಾಸವನ್ನು ಇಲ್ಲಿ ತಂದಿರುವುದು ಜಾಲತಾಣ ಕಟ್ಟುವವರ ಒಂದು ಪ್ರಶ್ನೆಯನ್ನು ಪರಿಶೀಲಿಸಲು. ಪುಟದ ಟೆಂಪ್ಲೇಟಿನಲ್ಲಿ ಕೊಂಡಿಯೊಂದನ್ನು ಬರೆಯುವಾಗ ಅದರ ಪೂರ್ಣ ವಿಳಾಸ ಎಲ್ಲಿಂದ ಬರಬೇಕು? ಟೆಂಪ್ಲೇಟಿನಲ್ಲೇ ಅಕ್ಷರಶಃ ಬರೆದಿಡಬೇಕೆ? ಓದುಗರ ಬ್ರೌಸರ್ ಕೇಳಿದ ಹೆಸರನ್ನೇ ತಿರುಗಿ ಕೊಡಬೇಕೆ? ಅಥವಾ ಬೇರೊಂದು ಕಡೆಯಿಂದ ತರಬೇಕೆ? ನನ್ನ ವಾದ ಹೀಗಿದೆ: ಪೂರ್ಣ ವಿಳಾಸದ ಮುಂಭಾಗ, ಅಂದರೆ ಪ್ರೊಟೊಕಾಲ್ ಮತ್ತು ಹೋಸ್ಟ್ ಹೆಸರು, ತಾಣದ ಸೆಟ್ಟಿಂಗ್ಸ್‌ನಲ್ಲಿ ಒಂದೇ ಕಡೆ ಘೋಷಿತವಾಗಿರಬೇಕು. ಹಿಂಭಾಗ, ಅಂದರೆ ಹೋಸ್ಟಿನ ನಂತರದ ದಾರಿ, ಹೆಸರು ಬದಲಾದರೂ ಬದಲಾಗದ ಗುರುತಿನ ಮೇಲೆ ನಿಲ್ಲಬೇಕು. ಟೆಂಪ್ಲೇಟು ಇವೆರಡನ್ನೂ ತಾನು ಬರೆಯದೆ ಫ್ರೇಮ್‌ವರ್ಕಿನಿಂದ ಕೇಳಿ ಪಡೆಯಬೇಕು. ಮೊದಲ ಮಾತನ್ನು ಅನುಭವಿ ಪ್ರೋಗ್ರಾಮರ್‌ಗಳು ಬಹುಮಟ್ಟಿಗೆ ಒಪ್ಪುತ್ತಾರೆ. ಎರಡನೆಯದರ ಬಗ್ಗೆ, ಅದರಲ್ಲೂ ಕನ್ನಡದ ಹೆಸರುಗಳ ವಿಷಯದಲ್ಲಿ, ಬೇಕಾದಷ್ಟು ಚರ್ಚೆಯಾಗಿಲ್ಲ.

ಮೊದಲು ವಿಳಾಸಗಳ ಬಗೆ. ಸಂತೆಗೆ ಬಂದವರಿಗೆ ‘ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ’ ಎಂದರೆ ಸಾಕು, ದೆಹಲಿಯಿಂದ ಬರುವ ಟಪಾಲಿಗೆ ತಾಲ್ಲೂಕು, ಜಿಲ್ಲೆ, ಪಿನ್ ಎಲ್ಲವೂ ಬೇಕು. ಸಾಪೇಕ್ಷ ವಿಳಾಸಕ್ಕೂ ಪೂರ್ಣ ವಿಳಾಸಕ್ಕೂ ಇರುವ ವ್ಯತ್ಯಾಸ ಇದೇ. ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ: ಹೋಸ್ಟ್ ಇಲ್ಲದೆ ಓರೆಗೆರೆಯಿಂದ ಶುರುವಾಗುವ ವಿಳಾಸ, ತಾಣದ ಬೇರಿನಿಂದ ಎಣಿಸುವಂಥದ್ದು. ಸಾಪೇಕ್ಷ ವಿಳಾಸಗಳ ನಿಯಮವನ್ನು ರಾಯ್ ಫೀಲ್ಡಿಂಗ್ 1995ರಲ್ಲಿ ಬರೆದರು. ಇಂದು ಜಾರಿಯಲ್ಲಿರುವುದು ಟಿಮ್ ಬರ್ನರ್ಸ್-ಲೀ, ಫೀಲ್ಡಿಂಗ್ ಮತ್ತು ಲ್ಯಾರಿ ಮಸಿಂಟರ್ ಸೇರಿ 2005ರ ಜನವರಿಯಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 3986.

ಆ ನಿಯಮದಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಕುದೂರು ಹೋಬಳಿಯ ಬಗ್ಗೆ ಒಂದು ತಾಣವಿದೆ ಎಂದಿಟ್ಟುಕೊಳ್ಳೋಣ. ಓದುಗರು ‘/ಮಾಗಡಿ/ಕುದೂರು’ ಎಂಬ ಪುಟದಲ್ಲಿದ್ದಾರೆ, ಅಲ್ಲಿ ‘ಸಂತೆ’ ಎಂದಷ್ಟೇ ಬರೆದ ಸಾಪೇಕ್ಷ ಕೊಂಡಿ ಇದೆ. ಒತ್ತಿದರೆ ಬ್ರೌಸರ್ ಹೋಗುವುದು ‘/ಮಾಗಡಿ/ಸಂತೆ’ಗೆ. ಪುಟದ ವಿಳಾಸದ ಕೊನೆಗೆ ಒಂದು ಓರೆಗೆರೆ ಇದ್ದು ‘/ಮಾಗಡಿ/ಕುದೂರು/’ ಎಂದಾಗಿದ್ದರೆ ಅದೇ ಕೊಂಡಿ ‘/ಮಾಗಡಿ/ಕುದೂರು/ಸಂತೆ’ಗೆ ಕರೆದೊಯ್ಯುತ್ತದೆ. ಕೊನೆಯ ಓರೆಗೆರೆಯ ನಂತರ ಇರುವುದನ್ನೆಲ್ಲ ತೆಗೆದುಹಾಕಿ ಆಮೇಲೆ ಸೇರಿಸು ಎಂಬುದು ನಿಯಮ. ಒಂದೇ ಒಂದು ಚಿಹ್ನೆಯಿಂದ ಕುದೂರಿನ ಸಂತೆ ಮಾಗಡಿಯ ಸಂತೆಯಾಗುತ್ತದೆ. ಆದ್ದರಿಂದಲೇ ಫ್ರೇಮ್‌ವರ್ಕ್‌ಗಳು ಟೆಂಪ್ಲೇಟಿಗೆ ಶುದ್ಧ ಸಾಪೇಕ್ಷ ವಿಳಾಸ ಕೊಡುವ ಗೋಜಿಗೆ ಹೋಗುವುದಿಲ್ಲ. ಜಾಂಗೊದ ‘ಯುಆರ್‌ಎಲ್’ ಟ್ಯಾಗ್, ಸಿಂಫನಿಯ ‘ಪಾಥ್’, ರೈಲ್ಸ್‌ನ ‘ಪಾಥ್’ ಸಹಾಯಕಗಳು ಎಲ್ಲವೂ ಬೇರಿನಿಂದ ಎಣಿಸುವ ವಿಳಾಸವನ್ನೇ ಕೊಡುತ್ತವೆ. ತಾಣದ ಒಳಗಿನ ಓಡಾಟಕ್ಕೆ ಅದೇ ಸರಿ, ಅದಕ್ಕಿಂತ ಹೆಚ್ಚಿನದು ಬೇಡ.

ಹೊರಗೆ ಹೋಗುವ ಕೊಂಡಿಗೆ ಅದು ಸಾಲದು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಹೋಗುವ ಇಮೇಲ್, ವಾಟ್ಸ್‌ಆ್ಯಪ್‌ನಲ್ಲಿ ಕೊಂಡಿಯ ಜೊತೆ ಮೂಡುವ ಚಿತ್ರ, ಸರ್ಚ್ ಎಂಜಿನ್ನಿಗೆ ಕೊಡುವ ಸೈಟ್‌ಮ್ಯಾಪ್, ಆರ್‌ಎಸ್‌ಎಸ್, ಪ್ರಮಾಣಪತ್ರದ ಮೇಲೆ ಅಚ್ಚಾಗುವ ಕ್ಯೂಆರ್ ಕೋಡ್, ಇವೆಲ್ಲ ತಾಣವನ್ನು ಬಿಟ್ಟು ಹೊರಟವು. ಅವುಗಳನ್ನು ಬಿಚ್ಚಿ ನೋಡುವಾಗ ಬ್ರೌಸರಿಗೆ ‘ಈಗ ಎಲ್ಲಿದ್ದೇನೆ’ ಎಂಬ ನೆಲೆಯೇ ಇರುವುದಿಲ್ಲ. ಸೈಟ್‌ಮ್ಯಾಪ್ ನಿಯಮವಂತೂ ಪ್ರೊಟೊಕಾಲ್ ಸಮೇತ ಪೂರ್ಣ ವಿಳಾಸವನ್ನೇ ಕೇಳುತ್ತದೆ. ಒಂದೇ ಪುಟಕ್ಕೆ ಹಲವು ವಿಳಾಸಗಳಿದ್ದಾಗ ಮುಖ್ಯವಾದುದು ಇದು ಎಂದು ಹೇಳುವ ‘ಕೆನಾನಿಕಲ್’ ಸೂಚನೆಯನ್ನು ಗೂಗಲ್, ಯಾಹೂ, ಮೈಕ್ರೋಸಾಫ್ಟ್ 2009ರ ಫೆಬ್ರವರಿಯಲ್ಲಿ ಒಟ್ಟಾಗಿ ತಂದವು. ಅಲ್ಲಿಯೂ ಪೂರ್ಣ ವಿಳಾಸ ಬರೆಯುವುದೇ ರೂಢಿ.

ಈ ಕೆಲಸಕ್ಕೆ ಎಲ್ಲ ಫ್ರೇಮ್‌ವರ್ಕ್‌ಗಳಲ್ಲೂ ಸಾಧನವಿದೆ. ಜಾಂಗೊದಲ್ಲಿ ‘ಬಿಲ್ಡ್ ಆಬ್ಸಲ್ಯೂಟ್ ಯುಆರ್‌ಐ’, ರೈಲ್ಸ್‌ನಲ್ಲಿ ‘ಯುಆರ್‌ಎಲ್’ ಎಂದು ಕೊನೆಯಾಗುವ ಸಹಾಯಕಗಳು, ಫ್ಲಾಸ್ಕ್‌ನ ‘ಯುಆರ್‌ಎಲ್ ಫಾರ್’ಗೆ ‘ಎಕ್ಸ್‌ಟರ್ನಲ್’ ಎಂಬ ಸೂಚನೆ, ಸಿಂಫನಿಯಲ್ಲಿ ‘ಯುಆರ್‌ಎಲ್’ ಫಂಕ್ಷನ್. ಹೆಸರು ಬೇರೆ, ಮಾಡುವುದು ಒಂದೇ: ಬಂದ ಕೋರಿಕೆಯ ‘ಹೋಸ್ಟ್’ ಶಿರೋನಾಮೆಯನ್ನು ಓದಿ, ಅದನ್ನು ದಾರಿಯ ಮುಂದೆ ಜೋಡಿಸುವುದು.

ತೊಡಕು ಹುಟ್ಟುವುದು ಅಲ್ಲೇ. ಹೋಸ್ಟ್ ಶಿರೋನಾಮೆಯನ್ನು ಕಳಿಸುವುದು ಓದುಗರ ಯಂತ್ರ. 1997ರಲ್ಲಿ ಎಚ್‌ಟಿಟಿಪಿ 1.1 ಅದನ್ನು ಕಡ್ಡಾಯ ಮಾಡಿತು, ಆದರೆ ಅದು ನಿಜವೆಂದು ಯಾರೂ ದೃಢಪಡಿಸುವುದಿಲ್ಲ. ಕೇಡು ಬಯಸುವವರು ಇನ್ನೊಬ್ಬರ ಖಾತೆಯ ಹೆಸರು ಕೊಟ್ಟು ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಕೋರಿಕೆ ಕಳಿಸುತ್ತಾರೆ, ಹೋಸ್ಟ್ ಜಾಗದಲ್ಲಿ ತಮ್ಮದೇ ತಾಣದ ಹೆಸರು ಇಡುತ್ತಾರೆ. ಟೆಂಪ್ಲೇಟು ಅದನ್ನು ನಂಬಿ ಕೊಂಡಿ ಕಟ್ಟುತ್ತದೆ. ಇಮೇಲ್ ಹೋಗುವುದು ನಿಜವಾದ ಖಾತೆದಾರರಿಗೆ, ಕಳಿಸಿದ್ದೂ ನಿಜವಾದ ತಾಣವೇ, ಒಳಗಿನ ಕೊಂಡಿ ಮಾತ್ರ ಕಳ್ಳರ ಮನೆಗೆ. ಒತ್ತಿದೊಡನೆ ಗುಪ್ತ ಸಂಕೇತ ಕೈಬಿಟ್ಟು ಹೋಗುತ್ತದೆ. ಇದನ್ನು ತಡೆಯಲು ಜಾಂಗೊ 2013ರ ಫೆಬ್ರವರಿಯ ಭದ್ರತಾ ಬಿಡುಗಡೆಯಲ್ಲಿ ‘ಅಲೌಡ್ ಹೋಸ್ಟ್ಸ್’ ಎಂಬ ಪಟ್ಟಿಯನ್ನು ತಂದಿತು. ಪಟ್ಟಿಯಲ್ಲಿಲ್ಲದ ಹೆಸರು ಹೊತ್ತು ಬಂದ ಕೋರಿಕೆಯನ್ನು ಅದು ತಿರಸ್ಕರಿಸುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ಭದ್ರತಾ ಸಂಶೋಧಕ ಜೇಮ್ಸ್ ಕೆಟಲ್ ಈ ಬಗೆಯ ದಾಳಿಗಳನ್ನು ವಿವರವಾಗಿ ಬರೆದು ತೋರಿಸಿದರು. ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹೋಸ್ಟನ್ನು ಕೋರಿಕೆಯಿಂದ ಊಹಿಸಿಕೊಳ್ಳುವ ಅಭ್ಯಾಸವನ್ನೇ ಅದು 1.34ನೆಯ ಆವೃತ್ತಿಯಲ್ಲಿ ಕೈಬಿಟ್ಟಿತು. ತಾಣದ ಮೂಲ ವಿಳಾಸವನ್ನು ಸೆಟ್ಟಿಂಗ್ಸ್ ಕಡತದಲ್ಲಿ ಬರೆಯಲೇಬೇಕು. ಈ ನಿಲುವೇ ನನಗೆ ಸರಿ ಎನಿಸುತ್ತದೆ. ಪಟ್ಟಿ ಇಟ್ಟು ಸೋಸುವುದಕ್ಕಿಂತ ಕೇಳದೇ ಇರುವುದು ಮೇಲು.

ದಾಳಿಯ ಭಯ ಇಲ್ಲದ ಕಡೆಯೂ ಕೋರಿಕೆಯನ್ನು ನೆಚ್ಚಲಾಗದು. ಇಂದು ತಾಣಗಳು ಎನ್‌ಜಿನ್‌ಎಕ್ಸ್‌ನಂಥ ಪ್ರಾಕ್ಸಿಯ ಹಿಂದೆ ನಿಂತಿರುತ್ತವೆ. ಓದುಗರಿಂದ ಪ್ರಾಕ್ಸಿಯವರೆಗೆ ಎಚ್‌ಟಿಟಿಪಿಎಸ್, ಪ್ರಾಕ್ಸಿಯಿಂದ ಒಳಗೆ ಬರೀ ಎಚ್‌ಟಿಟಿಪಿ. ಒಳಗಿರುವ ಅಪ್ಲಿಕೇಶನ್ನಿಗೆ ಕಾಣುವುದು ತನ್ನ ಪಕ್ಕದ ಗೋಡೆಯಷ್ಟೇ, ಹಾಗಾಗಿ ಅದು ‘ಎಸ್’ ಇಲ್ಲದ ವಿಳಾಸ ಕಟ್ಟುತ್ತದೆ. ಪ್ರಾಕ್ಸಿ ಹೊರಗಿನ ಹೋಸ್ಟನ್ನು ದಾಟಿಸದಿದ್ದರೆ 127.0.0.1:8000 ಎಂಬ ವಿಳಾಸವೇ ಇಮೇಲಿನಲ್ಲಿ ಹೋಗಿಬಿಡುತ್ತದೆ. ಇದಕ್ಕೆ ಪರಿಹಾರವಾಗಿ ‘ಫಾರ್ವರ್ಡೆಡ್’ ಶಿರೋನಾಮೆಗಳಿವೆ, ಆದರೆ ಅವನ್ನೂ ಹೊರಗಿನವರು ಬರೆದು ಕಳಿಸಬಹುದು. ಆದ್ದರಿಂದ ಬಂದ ಪ್ರತಿಯನ್ನು ಪ್ರಾಕ್ಸಿ ಅಳಿಸಿ ತನ್ನದನ್ನು ಬರೆಯುತ್ತದೆ ಎಂಬ ಖಾತ್ರಿ ಇದ್ದರೆ ಮಾತ್ರ ಅವನ್ನು ನಂಬಬೇಕು.

ಕೋರಿಕೆಯೇ ಇಲ್ಲದ ಸಂದರ್ಭಗಳೂ ಉಂಟು. ರಾತ್ರಿ ಹನ್ನೆರಡಕ್ಕೆ ತಾನಾಗಿ ಓಡುವ ಕೆಲಸವೊಂದು ಸಾವಿರ ಜನರಿಗೆ ಇಮೇಲ್ ಕಳಿಸುತ್ತದೆ. ಆಗ ಯಾರೂ ಏನನ್ನೂ ಕೇಳಿಲ್ಲ, ಹೋಸ್ಟ್ ಎಂಬುದೇ ಇಲ್ಲ. ರೈಲ್ಸ್‌ನ ಇಮೇಲ್ ಟೆಂಪ್ಲೇಟುಗಳಲ್ಲಿ ಹೋಸ್ಟನ್ನು ಮೊದಲೇ ಘೋಷಿಸದಿದ್ದರೆ ದೋಷ ತೋರಿಸಿ ನಿಲ್ಲುತ್ತದೆ. ಇದು ಒಳ್ಳೆಯ ನಡವಳಿಕೆ. ಜಾಂಗೊದ ‘ಸೈಟ್ಸ್’ ಸೌಲಭ್ಯ ಬಳಸಿದವರಿಗೆ ದತ್ತಾಂಶ ಕೋಷ್ಟಕದಲ್ಲಿ ಮೊದಲಿಗೇ ‘ಎಕ್ಸಾಂಪಲ್ ಡಾಟ್ ಕಾಮ್’ ಎಂಬ ಸಾಲು ಸಿಗುತ್ತದೆ. ಬದಲಿಸಲು ಮರೆತರೆ ಯಾವ ದೋಷವೂ ಕಾಣದೆ ಎಲ್ಲ ಇಮೇಲ್‌ಗಳೂ ಆ ವಿಳಾಸ ಹೊತ್ತು ಹೋಗುತ್ತವೆ. ಸದ್ದಿಲ್ಲದೆ ತಪ್ಪುವುದಕ್ಕಿಂತ ಸದ್ದು ಮಾಡಿ ನಿಲ್ಲುವುದೇ ವಾಸಿ.

ಹೋಸ್ಟಿನ ಮಾತು ಇಷ್ಟಕ್ಕೆ ಸಾಕು. ದಾರಿಯ ಭಾಗಕ್ಕೆ ಬಂದರೆ ಕನ್ನಡಕ್ಕೇ ವಿಶಿಷ್ಟವಾದ ಕೆಲವು ಸಂಗತಿಗಳು ಎದುರಾಗುತ್ತವೆ.

‘ಕುದೂರು’ ಕಣ್ಣಿಗೆ ಮೂರಕ್ಷರ. ಯೂನಿಕೋಡಿನಲ್ಲಿ ಆರು ಸಂಕೇತ: ಕ, ಉಕಾರದ ಕೊಂಬು, ದ, ಊಕಾರದ ಕೊಂಬು, ರ, ಮತ್ತೆ ಉಕಾರದ ಕೊಂಬು. ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್. ‘ಕ’ ಎಂದರೆ 224, 178, 149. ಕೊಂಬು ಎಂದರೆ 224, 179, 129. ಒಟ್ಟು 18 ಬೈಟ್. ವಿಳಾಸದಲ್ಲಿ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಹದಿನಾರು-ಮಾನದ ಅಂಕಿಗಳಿಂದ ಬರೆಯಬೇಕು. ಆದ್ದರಿಂದ ಮೂರಕ್ಷರದ ಊರು ಸಾಲಿನ ಮೇಲೆ 54 ಚಿಹ್ನೆಗಳಾಗುತ್ತದೆ. ‘/ಮಾಗಡಿ/ಕುದೂರು’ ಎಂಬುದು 101. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕನ್ನಡವಾಗಿ ಕಂಡದ್ದು ನಕಲಿಸಿ ಬೇರೆಡೆ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಉದ್ದ ಸರವಾಗುವುದು ಇದರಿಂದಲೇ. ಕನ್ನಡ ವಿಕಿಪೀಡಿಯದ ಕೊಂಡಿ ಹಂಚಿಕೊಂಡವರಿಗೆಲ್ಲ ಇದು ಗೊತ್ತು. ಉದ್ದವಾದರೂ ಅದು ಸರಿಯಾದ ವಿಳಾಸವೇ. ನನ್ನ ತಕರಾರು ಉದ್ದದ ಬಗ್ಗೆ ಅಲ್ಲ.

ತಕರಾರು ಇರುವುದು ಶೀರ್ಷಿಕೆಯಿಂದ ದಾರಿಯ ತುಂಡು ತಯಾರಿಸುವ ‘ಸ್ಲಗಿಫೈ’ ಎಂಬ ಸಾಧನದ ಬಗ್ಗೆ. ಜಾಂಗೊದಲ್ಲಿ ಅದಕ್ಕೆ ‘ಕುದೂರು’ ಎಂದು ಕೊಟ್ಟರೆ ಹಿಂದಿರುಗುವುದು ಖಾಲಿ ಸಾಲು. ರೋಮನ್ ಅಲ್ಲದ್ದನ್ನೆಲ್ಲ ಅದು ಬಿಸಾಡುತ್ತದೆ. ಖಾಲಿ ಸಾಲಿನಿಂದ ವಿಳಾಸ ಕಟ್ಟಲಾಗದೆ ಟೆಂಪ್ಲೇಟು ದೋಷ ಕೊಡುತ್ತದೆ. ಯೂನಿಕೋಡ್ ಇರಲಿ ಎಂದು ಸೂಚಿಸಿದರೆ ಹಿಂದಿರುಗುವುದು ‘ಕದರ’. ಕೊಂಬುಗಳೆಲ್ಲ ಉದುರಿ ಬರಿಯ ಅಕಾರದ ವ್ಯಂಜನಗಳು ಉಳಿಯುತ್ತವೆ. ‘ಮಾಗಡಿ ರಸ್ತೆ’ ಹೋಗಿ ‘ಮಗಡ-ರಸತ’. ಕಾರಣ ಸರಳ: ಪೈಥಾನ್ ಭಾಷೆಯ ಮಾದರಿ ಹುಡುಕುವ ವ್ಯವಸ್ಥೆ ಪದದ ಭಾಗವೆಂದು ಎಣಿಸುವುದು ಅಕ್ಷರ, ಅಂಕಿ ಮತ್ತು ಅಡಿಗೆರೆಯನ್ನು ಮಾತ್ರ. ಸ್ವರಚಿಹ್ನೆಗಳೂ ವಿರಾಮವೂ ಯೂನಿಕೋಡಿನ ವರ್ಗೀಕರಣದಲ್ಲಿ ಅಕ್ಷರಗಳಲ್ಲ, ಕೂಡುಚಿಹ್ನೆಗಳು. ರೋಮನ್ ಲಿಪಿಯ ಅನುಭವದಿಂದ ಬರೆದ ನಿಯಮ ಇಲ್ಲಿ ಕನ್ನಡದ ಸ್ವರಗಳನ್ನೇ ಅಳಿಸುತ್ತದೆ. ಇದು ಅಂದಗೆಡುವ ಪ್ರಶ್ನೆ ಮಾತ್ರವಲ್ಲ. ‘ಕೆರೆ’, ‘ಕರೆ’, ‘ಕಿರಿ’ ಮೂರೂ ‘ಕರ’ ಆಗುತ್ತವೆ. ಮೂರು ಪುಟಗಳಿಗೆ ಒಂದೇ ವಿಳಾಸ ಬಂದರೆ ಎರಡು ಪುಟಗಳು ಕಾಣೆಯಾದಂತೆ. ಕನ್ನಡದ ತಾಣ ಕಟ್ಟುವವರು ಸ್ವರಚಿಹ್ನೆಗಳನ್ನು ಉಳಿಸುವ ತಮ್ಮದೇ ಫಂಕ್ಷನ್ ಬರೆದುಕೊಳ್ಳುವುದು ಅನಿವಾರ್ಯ, ಮತ್ತು ವಿಳಾಸ ಗುರುತಿಸುವ ನಿಯಮವನ್ನೂ ಅದಕ್ಕೆ ಹೊಂದಿಸಬೇಕು. ಜಾಂಗೊದ ಸಿದ್ಧ ‘ಸ್ಲಗ್’ ನಿಯಮ ರೋಮನ್ ಅಕ್ಷರಗಳನ್ನಷ್ಟೇ ಒಳಗೆ ಬಿಡುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ‘ಕುದೂರು’ ಬರೆಯಲು ಯೂನಿಕೋಡಿನಲ್ಲಿ ಒಂದೇ ದಾರಿ, ನೆರೆಯ ಸೋಲೂರಿಗೆ ಹಾಗಲ್ಲ. ‘ಸೋ’ದಲ್ಲಿರುವ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಊಕಾರದ ಕೊಂಬು ಮತ್ತು ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಮೊದಲ ಬಗೆಯಲ್ಲಿ ‘ಸೋಲೂರು’ ಆರು ಸಂಕೇತ, 54 ಚಿಹ್ನೆ. ಎರಡನೆಯ ಬಗೆಯಲ್ಲಿ ಎಂಟು ಸಂಕೇತ, 72 ಚಿಹ್ನೆ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಸರ್ವರಿಗೆ ಎರಡು ಬೇರೆ ವಿಳಾಸಗಳು. ‘ಭೈರವನದುರ್ಗ’ ಎಂಬ ಹೆಸರಿನ ಐತ್ವಕ್ಕೂ ಇದೇ ಪಾಡು. ವಿಳಾಸ ಕಟ್ಟುವ ಮುನ್ನವೂ, ಬಂದ ವಿಳಾಸ ಓದುವಾಗಲೂ ಕೂಡಿಸಿದ ರೂಪಕ್ಕೆ ತರುವ ಯೂನಿಕೋಡ್ ಕ್ರಮವನ್ನು ಅನ್ವಯಿಸಿದರೆ ತೊಂದರೆ ನೀಗುತ್ತದೆ. ಎರಡು ಕಡೆಯಲ್ಲೂ ಮಾಡಬೇಕು, ಒಂದು ಕಡೆ ಮಾಡಿದರೆ ಸಾಲದು.

ರೋಮನ್ ಲಿಪಿಗೆ ಓಡಿಹೋದರೆ ಇದೆಲ್ಲ ತಪ್ಪುತ್ತದೆ ಎನ್ನುವವರಿದ್ದಾರೆ. ತಪ್ಪುವುದಿಲ್ಲ. ಕುದೂರಿನ ಕೊನೆಯ ಉಕಾರವನ್ನು ರೋಮನ್ನಿನಲ್ಲಿ ಕೆಲವರು ಬರೆಯುತ್ತಾರೆ, ಕೆಲವರು ಬಿಡುತ್ತಾರೆ. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಹೆಸರು ಕನ್ನಡದ ಉಚ್ಚಾರಣೆಗೆ ಮರಳಿದಾಗ ಬೆಳಗಾವಿ, ಕಲಬುರಗಿ, ವಿಜಯಪುರ, ಶಿವಮೊಗ್ಗಗಳ ರೋಮನ್ ಕಾಗುಣಿತ ಪೂರ್ತಿ ಬದಲಾಯಿತು. ಕನ್ನಡದಲ್ಲಿ ಬರೆಯುತ್ತಿದ್ದವರಿಗೆ ಇವುಗಳಲ್ಲಿ ಬೆಳಗಾವಿ, ಶಿವಮೊಗ್ಗಗಳು ಬದಲಾವಣೆ ಎಂದು ಅನಿಸಲೂ ಇಲ್ಲ.

ಹಾಗಾದರೆ ದಾರಿಗೆ ಆಧಾರ ಯಾವುದು? ‘ಬೆಂಗಳೂರು ದಕ್ಷಿಣ’ವನ್ನೇ ನೋಡೋಣ. ಈ ಹೆಸರಿನ ಲೋಕಸಭಾ ಕ್ಷೇತ್ರವೊಂದಿದೆ, ಕುದೂರು ಅದರಲ್ಲಿಲ್ಲ. ಮಾಗಡಿ ವಿಧಾನಸಭಾ ಕ್ಷೇತ್ರ ಸೇರಿರುವುದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ. ಬೆಂಗಳೂರು ನಗರ ಜಿಲ್ಲೆಯಲ್ಲಿ ಇದೇ ಹೆಸರಿನ ತಾಲ್ಲೂಕಿದೆ. 2025ರಲ್ಲಿ ಗ್ರೇಟರ್ ಬೆಂಗಳೂರು ವ್ಯವಸ್ಥೆಯಡಿ ಐದು ಪಾಲಿಕೆಗಳಾದಾಗ ಬೆಂಗಳೂರು ದಕ್ಷಿಣ ನಗರ ಪಾಲಿಕೆಯೂ ಬಂತು. ಈಗ ಜಿಲ್ಲೆಯೂ ಅದೇ. ಹೆಸರನ್ನೇ ವಿಳಾಸದ ಕೀಲಿಯಾಗಿ ಇಟ್ಟುಕೊಂಡ ತಾಣದಲ್ಲಿ ಈ ನಾಲ್ಕೂ ಒಂದೇ ಬಾಗಿಲು ತಟ್ಟುತ್ತವೆ. 2011ರ ಜನಗಣತಿ ಈ ಜಿಲ್ಲೆಗೆ ಕೊಟ್ಟ ಸಂಖ್ಯೆ 584. ಹೆಸರು ಬದಲಾದರೂ ಆ ಸಂಖ್ಯೆಯಡಿ ದಾಖಲಾದ ಅಂಕಿಅಂಶಗಳು ಬದಲಾಗಲಿಲ್ಲ. ದಾರಿಯಲ್ಲಿ ಕೀಲಿಯಾಗಿ ಸಂಖ್ಯೆ, ಅದರ ಪಕ್ಕದಲ್ಲಿ ಓದುಗರಿಗಾಗಿ ಕನ್ನಡದ ಹೆಸರು ಇಟ್ಟು, ಪುಟ ಹುಡುಕುವಾಗ ಸಂಖ್ಯೆಯನ್ನು ಮಾತ್ರ ನೋಡಿದರೆ ಹೆಸರು ಎಷ್ಟು ಸಲ ಬದಲಾದರೂ ಹಳೆಯ ಕೊಂಡಿ ತಲುಪಬೇಕಾದಲ್ಲಿಗೇ ತಲುಪುತ್ತದೆ. ವಿದ್ವತ್ತಿನ ಲೋಕದಲ್ಲಿ ಇದಕ್ಕೆ ಹತ್ತಿರದ ನಿದರ್ಶನ ರಾಮನಗರದಲ್ಲೇ ಇದೆ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ಊರು ರಾಮನಗರವಾಗಿ ದಶಕಗಳೇ ಕಳೆದವು. ಭೂವಿಜ್ಞಾನಿಗಳ ಬರಹದಲ್ಲಿ ಅಲ್ಲಿನ ಬಂಡೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್. ಹಳೆಯ ಪ್ರಬಂಧಗಳೂ ಹೊಸ ಪ್ರಬಂಧಗಳೂ ಒಂದನ್ನೊಂದು ಹುಡುಕಿಕೊಳ್ಳಲು ಆ ಸ್ಥಿರತೆಯೇ ನೆರವು.

ಜಿಲ್ಲಾಡಳಿತದ ತಾಣಗಳಿಗೆ ಕೇಂದ್ರ ಸರ್ಕಾರದ ಎನ್‌ಐಸಿ ಒದಗಿಸಿರುವ ‘ಎಸ್3ವಾಸ್’ ವೇದಿಕೆಯಲ್ಲಿ, ತಿಳಿದೋ ತಿಳಿಯದೆಯೋ, ಇಂಥದೇ ಒಂದು ಏರ್ಪಾಟಿದೆ. ತಾಣದ ಹೋಸ್ಟಿನಲ್ಲಿ ಜಿಲ್ಲೆಯ ಹೆಸರಿದ್ದರೂ ಅಧಿಸೂಚನೆ, ಆದೇಶಗಳ ಪಿಡಿಎಫ್ ಕಡತಗಳು ಇರುವುದು ವೇದಿಕೆಯದೇ ಬೇರೊಂದು ಹೋಸ್ಟಿನಲ್ಲಿ, ಜಿಲ್ಲೆಯ ಹೆಸರಿಲ್ಲದ, ಅಂಕಿ-ಅಕ್ಷರಗಳ ಉದ್ದ ಕಡತಕೋಶದಲ್ಲಿ. ಜಿಲ್ಲೆಗೆ ಯಾವ ಹೆಸರೇ ಬರಲಿ, ಆ ಕಡತದ ವಿಳಾಸ ಅದಕ್ಕೆ ಅಂಟಿಕೊಂಡಿಲ್ಲ.

ಹೋಸ್ಟನ್ನೇ ಬದಲಿಸಬೇಕಾಗಿ ಬಂದಾಗ ಮಾಡಬೇಕಾದ್ದು ಸ್ಪಷ್ಟ. ಸೆಟ್ಟಿಂಗ್ಸ್‌ನಲ್ಲಿ ಒಂದು ಸಾಲು ಬದಲಿಸಿದರೆ ಹೊಸದಾಗಿ ಹೊರಡುವ ಎಲ್ಲ ಕೊಂಡಿಗಳೂ ಹೊಸ ಹೆಸರು ಪಡೆಯುತ್ತವೆ. ಟೆಂಪ್ಲೇಟುಗಳಲ್ಲಿ ಮತ್ತು ಲೇಖನಗಳ ಒಡಲಲ್ಲಿ ಪೂರ್ಣ ವಿಳಾಸವನ್ನು ಕೈಯಲ್ಲೇ ಬರೆದಿಟ್ಟವರಿಗೆ ಈ ಭಾಗ್ಯವಿಲ್ಲ. ವರ್ಡ್‌ಪ್ರೆಸ್ ಬಳಸುವವರು ಇದನ್ನು ಬಲ್ಲರು: ಚಿತ್ರ ಸೇರಿಸಿದೊಡನೆ ಅದರ ಪೂರ್ಣ ವಿಳಾಸ ಲೇಖನದೊಳಗೇ ಉಳಿದುಬಿಡುತ್ತದೆ, ಹೋಸ್ಟ್ ಬದಲಾದರೆ ಇಡೀ ದತ್ತಾಂಶದಲ್ಲಿ ಹುಡುಕಿ ಬದಲಿಸಬೇಕು. ಹೊರಗೆ ಹೋಗಿಯಾದ ಕೊಂಡಿಗಳಿಗೆ ಹಳೆಯ ಹೋಸ್ಟಿನಿಂದ ಹೊಸದಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನ ಬೇಕು, ದಾರಿಯ ಭಾಗವನ್ನು ಹಾಗೆಯೇ ಒಯ್ಯುವಂಥದ್ದು. ಎಲ್ಲರನ್ನೂ ಮುಖಪುಟಕ್ಕೆ ತಂದು ಬಿಡುವುದು ಮರುನಿರ್ದೇಶನವಲ್ಲ, ಕೊಂಡಿಯನ್ನು ಕಡಿದಂತೆಯೇ.

ಇಲ್ಲಿ ಹಲವರು ಮರೆಯುವ ಒಂದು ಅಂಶವಿದೆ. ಹಳೆಯ ಹೋಸ್ಟಿನ ಭದ್ರತಾ ಪ್ರಮಾಣಪತ್ರವೂ ಚಾಲ್ತಿಯಲ್ಲಿರಬೇಕು. ಎಚ್‌ಟಿಟಿಪಿಎಸ್ ಕೊಂಡಿ ಒತ್ತಿದಾಗ ಬ್ರೌಸರ್ ಮೊದಲು ಪ್ರಮಾಣಪತ್ರ ಪರೀಕ್ಷಿಸುತ್ತದೆ, ಆಮೇಲಷ್ಟೇ 301ನ್ನು ಓದುತ್ತದೆ. ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಓದುಗರಿಗೆ ಕಾಣುವುದು ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ, ಮರುನಿರ್ದೇಶನದವರೆಗೆ ಮಾತು ಹೋಗುವುದೇ ಇಲ್ಲ. ಡೊಮೇನ್ ನೋಂದಣಿಯನ್ನು ಬಿಟ್ಟುಕೊಟ್ಟರೆ ಇನ್ನೂ ಕಷ್ಟ: ಬಿಟ್ಟ ಹೆಸರನ್ನು ಬೇರೆ ಯಾರಾದರೂ ಕೊಳ್ಳಬಹುದು, ಹಳೆಯ ಕಾಗದದ ಮೇಲಿನ ಕ್ಯೂಆರ್ ಕೋಡ್ ಅವರ ಕಡೆಗೆ ಕರೆದೊಯ್ಯುತ್ತದೆ. ರೈತರ ಮನೆಯ ಟ್ರಂಕಿನಲ್ಲಿ ಪಹಣಿ, ಜಾತಿ ಪ್ರಮಾಣಪತ್ರಗಳು ದಶಕಗಳ ಕಾಲ ಇರುತ್ತವೆ. ಅಂಥ ಕಾಗದದ ಮೇಲೆ ವಿಳಾಸ ಅಚ್ಚು ಹಾಕುವ ಯಾವುದೇ ತಾಣ ತನ್ನ ಹಳೆಯ ಹೋಸ್ಟಿನ ನೋಂದಣಿಗೂ ಪ್ರಮಾಣಪತ್ರಕ್ಕೂ ಅಷ್ಟೇ ಕಾಲದ ಬಜೆಟ್ ತೆಗೆದಿಡಬೇಕು, ಮತ್ತು ಆ ಖರ್ಚನ್ನು ಹೆಸರು ಬದಲಿಸುವ ಆದೇಶದ ಜೊತೆಗೇ ಮಂಜೂರು ಮಾಡಿಸಿಕೊಳ್ಳಬೇಕು.